ಅರಿಷಿಣ ಹಚ್ಚಿದ ಕಾಗದ

ನಾನು ಐದು ರೂಪಾಯಿ ತನಕ ಏರಿಸಿದರೂ ಕೊನೆಗೆ ಒಂದು ಪೈಸೆಯೂ ಖರ್ಚಾಗಲಿಲ್ಲ; ಅಂಗಡಿಯವರು ದುಡ್ಡು ಮುಟ್ಟಲೇ ಇಲ್ಲ. ಲಕ್ಷ್ಮೇಶ್ವರದ ರದ್ದಿ ಅಂಗಡಿಯ ತೊಲೆಗೆ ಹಳೆಯ ಲಗ್ನಪತ್ರಿಕೆಗಳ ಗಂಟೊಂದು ತೂಗುತ್ತಿತ್ತು. ಮೇಲಿನದರಲ್ಲಿ ಬಂಗಾರದ ಮಸಿಯ ಜೋಡಿ ಗಿಳಿ. ನನ್ನ ಹಳೇ ಪತ್ರಿಕೆಗಳ ಸಂಗ್ರಹದಲ್ಲಿ ಅಂಥದ್ದೊಂದೂ ಇರಲಿಲ್ಲ.

“ಅದು ಮಾರೂದಲ್ರೀ,” ಎಂದರು ಅಂಗಡಿಯ ಮೋದಿನಸಾಬರು. “ಅರಿಷಿಣ ಹಚ್ಚಿದ ಕಾಗದದಾಗ ಭಜಿ ಕಟ್ಟಿ ಕೊಡಾಕ ಬರತೈತೇನ್ರಿ? ಗಂಟು ತುಂಬಿದ ಮ್ಯಾಗ ತುಂಗಭದ್ರಾಕ್ಕ ಬಿಟ್ಟು ಬರತೀನಿ.”

ಅವರ ಸ್ವಂತ ಮಗಳ ಮದುವೆಯ ಕಾರ್ಡೂ ಅದೇ ಗಂಟಿನಲ್ಲಿತ್ತು. ಚಾಚಿದ್ದ ಐದರ ನೋಟನ್ನು ಕಿಸೆಗೆ ಹಾಕಿಕೊಂಡೆ.

“ಒಯ್ದು ಎಲ್ಲಿ ಇಡತೀರಿ?” ಅವರೇ ಕೇಳಿದರು.

“ಗಾಜು ಹಾಕಿಸಿ ಗ್ವಾಡಿಗೆ ತೂಗ ಹಾಕತೀನ್ರಿ.”

ಗಂಟು ಬಿಚ್ಚಿ, ಗಿಳಿಯ ಪತ್ರಿಕೆಯನ್ನು ಎರಡೂ ಕೈಯಿಂದ ಕೊಟ್ಟರು.

ನೀವು ಹೋದರೆ ದರ ಕೇಳಬೇಡಿ, ಎಲ್ಲಿಡುವಿರೆಂದು ಹೇಳಿ. ಜೊತೆಗೆ ಗಟ್ಟಿ ರಟ್ಟು ಒಯ್ಯಿರಿ. ಮಡಚಿ ಕಿಸೆಗೆ ತುರುಕಿದರೆ ವಾಪಸ್ ಕಸಿದುಕೊಳ್ಳುತ್ತಾರೆ.