ಸೈಕಲ್ಲಿನ ವಯಸ್ಸು

ಯಜಮಾನರು ತೀರಿಕೊಂಡ ಮೇಲೆ ಅವರ ಹಳೆಯ ರೇಸಿಂಗ್ ಸೈಕಲ್ಲು ಸಿಂಗಾಪುರದ ಟ್ಯಾಂಪಿನೀಸ್‌ನ ನಮ್ಮ ಫ್ಲ್ಯಾಟಿನ ಬಾಗಿಲಾಚೆ ಹಾಗೆಯೇ ನಿಂತಿತ್ತು. ಯಾವ ಮಾಡೆಲ್, ಯಾವ ವರ್ಷದ್ದು ಎಂದು ಅವರಿಗೂ ತಿಳಿದಿರಲಿಲ್ಲ. ಸೆಕೆಂಡ್ ಹ್ಯಾಂಡ್ ತಂದದ್ದು. ಕೊಳ್ಳಲು ಬಂದ ಅವರ ಸಹೋದ್ಯೋಗಿ ಅದನ್ನು ತಲೆಕೆಳಗಾಗಿ ನಿಲ್ಲಿಸಿದರು.

"ಅಕ್ಕಾ, ಎರಡು ಪೆಡಲ್ ಮಧ್ಯೆ, ಕೆಳಗಡೆ ಫ್ರೇಮ್ ನಂಬರ್ ಇರುತ್ತೆ. ಅದನ್ನ ಚೆಕ್ ಮಾಡಿದ್ರೆ ಎಲ್ಲಾ ಗೊತ್ತಾಗುತ್ತೆ. ಅದರ ಮೇಲೆ ಏನೋ ಮೆತ್ಕೊಂಡಿದೆ, ಒರೆಸಿಬಿಡ್ಲಾ?"

ನಾನು ಬಗ್ಗಿ ನೋಡಿದೆ. ಒಣಗಿದ ಗಂಧ, ನಡುವೆ ಕುಂಕುಮ. ಹ್ಯಾಂಡಲಿಗೆ ಇಟ್ಟರೆ ಬೆವರಿಗೆ ಅಳಿಸಿಹೋಗುತ್ತದೆಂದು ಆಯುಧಪೂಜೆಯ ದಿನ ಯಜಮಾನರು ಅಲ್ಲಿಟ್ಟಿದ್ದರು. ಗಂಧದಲ್ಲಿ ಅವರ ಬೆರಳಿನ ಗೆರೆಗಳು ಹಾಗೆಯೇ ಇದ್ದವು.

"ಮುಟ್ಟಬೇಡಿ!" ಎಂದು ಗದರಿದೆ.

ಸೈಕಲ್ಲು ಇನ್ನೂ ನಮ್ಮಲ್ಲೇ ಇದೆ. ಅದರ ವಯಸ್ಸು ನನಗೆ ಇವತ್ತಿಗೂ ಗೊತ್ತಿಲ್ಲ.