ತಿಪ್ಪಮ್ಮನಿಗಿಂತ ಮೊದಲು ಹುಟ್ಟಿದವರು

ಅದು ೨೦೦೬. ಹೊಸೂರನ್ನು ಒಳಗೊಂಡ ತಮಿಳುನಾಡಿನ ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾಗಿ ಎರಡು ವರ್ಷ ಕಳೆದಿತ್ತು. ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಡೆವಲಪ್‌ಮೆಂಟಲ್ ಬಯಾಲಜಿ ವಿಭಾಗದ ಹಿರಿಯ ವಿಜ್ಞಾನಿಯಾಗಿದ್ದೆ. ಒಂದು ಜೀವಕೋಶ ಹೇಗೆ ಇಡೀ ದೇಹವಾಗಿ ಬೆಳೆಯುತ್ತದೆ ಎಂಬುದು ಈ ಶಾಸ್ತ್ರದ ಪ್ರಶ್ನೆ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಹೃದಯ. ಕಾವು ಕೊಟ್ಟ ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಸಣ್ಣ ಕಿಟಕಿ ಕೊರೆದು ನೋಡಿದರೆ ಎರಡನೆಯ ದಿನ ಒಂದು ಕೊಳವೆ ಮಿಡಿಯುತ್ತಿರುತ್ತದೆ. ಆ ಕೊಳವೆ ಬಾಗಿ, ಒಳಗೆ ಗೋಡೆಗಳು ಎದ್ದು, ನಾಲ್ಕು ಕೋಣೆಗಳಾಗುತ್ತವೆ. ಗೋಡೆ ಪೂರ್ತಿ ಕೂಡದಿದ್ದರೆ ರಂಧ್ರ ಉಳಿಯುತ್ತದೆ. ಮನುಷ್ಯರ ಮಗುವಿನಲ್ಲೂ ಹೀಗೆಯೇ.

ಒಂದೇ ಕುಟುಂಬದಲ್ಲಿ ಇಂಥ ರಂಧ್ರ ಮರುಕಳಿಸಿದರೆ ಅದರ ಹಿಂದೆ ಯಾವ ಜೀನ್ ಇದೆ ಎಂದು ಹುಡುಕುವುದು ನಮ್ಮ ಯೋಜನೆ. ಆ ಯೋಜನೆಯ ತಪ್ಪುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಸಮ್ಮತಿಪತ್ರ ಇಂಗ್ಲಿಷಿನಲ್ಲಿತ್ತು, ಅದರ ಮೇಲೆ ಹೆಬ್ಬೆಟ್ಟು ಒತ್ತಿದವರು ಕನ್ನಡ, ತೆಲುಗು, ತಮಿಳು ಆಡುವವರು. ರಕ್ತ ಕೊಟ್ಟವರಿಗೆ ಫಲಿತಾಂಶ ತಿಳಿಸಕೂಡದೆಂಬ ನಿಯಮವಿತ್ತು. ಹೊಸೂರು ಸೀಮೆಯಲ್ಲಿ ರಕ್ತಸಂಬಂಧದ ಮದುವೆಗಳು ಹೆಚ್ಚು, ಆದ್ದರಿಂದ ರೋಗದ ಮೂಲವೂ ಅದೇ ಎಂದು ಒಂದು ಮನೆಯ ಬಾಗಿಲನ್ನೂ ತಟ್ಟದೆ ತೀರ್ಮಾನಿಸಿದ್ದೆವು. ಆ ತೀರ್ಮಾನದ ಕೆಳಗೆ ನನ್ನ ಸಹಿಯೂ ಇತ್ತು.

ಸೂಳಗಿರಿಯಿಂದ ಒಳಕ್ಕೆ ಹೋಗುವ ರಸ್ತೆಯ ಒಂದು ಊರಿಗೆ ನನ್ನನ್ನು ಕರೆದೊಯ್ದವರು ಅಲ್ಲಿನ ಗ್ರಾಮ ಆರೋಗ್ಯ ನರ್ಸ್ ಸರೋಜಮ್ಮ. ಮನೆಯ ಸೊಸೆ ಮಂಜುಳಾಗೆ ಇಪ್ಪತ್ನಾಲ್ಕು ವರ್ಷ. ಮಾಲೂರು ಕಡೆಯವಳು, ಗಂಡನ ಮನೆಗೆ ಯಾವ ನೆಂಟಸ್ತನವೂ ಇಲ್ಲದವಳು. ಗಂಡ ಮುನಿರಾಜು ಹೊಸೂರಿನ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದ. ಮೊದಲ ಮಗು ಮೂರು ವಾರ ತುಂಬುವ ಮುನ್ನ ತೀರಿಕೊಂಡಿತ್ತು. ಎರಡನೆಯದು ಮೂರು ತಿಂಗಳು ಬದುಕಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ನಡೆದ ಎಕೋ ಪರೀಕ್ಷೆಯಲ್ಲಿ ಹೃದಯದ ಮೇಲಿನ ಕೋಣೆಗಳ ನಡುವೆಯೂ ಕೆಳಗಿನ ಕೋಣೆಗಳ ನಡುವೆಯೂ ರಂಧ್ರ ಕಂಡಿತ್ತು, ಬಡಿತವೂ ತೀರ ನಿಧಾನವಿತ್ತು. ನಾವು ಹೋದಾಗ ಮಂಜುಳಾ ನಾಲ್ಕೂವರೆ ತಿಂಗಳ ಗರ್ಭಿಣಿ. ಐದು ತಿಂಗಳು ತುಂಬುವ ಹೊತ್ತಿಗೆ ಭ್ರೂಣದ ಹೃದಯವನ್ನು ಎಕೋದಲ್ಲಿ ನೋಡಬಹುದು. ತೊಂದರೆಯಿದ್ದರೆ ಹೆರಿಗೆಯನ್ನು ಶಸ್ತ್ರವೈದ್ಯರಿರುವ ಕಡೆ ಮಾಡಿಸಿ ಮಗುವನ್ನು ಉಳಿಸಬಹುದು. ಅತ್ತೆ ತಿಪ್ಪಮ್ಮ ಇದಕ್ಕೆ ಒಪ್ಪಿರಲಿಲ್ಲ. ಹಿಂದಿನ ಮಗುವನ್ನು ತಿಂದದ್ದೇ ಸ್ಕ್ಯಾನು ಎಂಬುದು ಆಕೆಯ ನಂಬಿಕೆ.

ಅಂಗಳದಲ್ಲಿ ಕುಳಿತು ವಂಶವೃಕ್ಷ ಬರೆದುಕೊಂಡೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸತ್ತವರ ಮೇಲೆ ಓರೆಗೆರೆ. ಒಡಹುಟ್ಟಿದವರು ಎಷ್ಟು ಮಂದಿ ಎಂದು ತಿಪ್ಪಮ್ಮನನ್ನು ಕೇಳಿದೆ.

"ಇಬ್ರೇ ಕಣಮ್ಮ. ನಾನು, ನನ್ನ ತಮ್ಮ. ಇಬ್ರೂ ಕಲ್ಲಿದ್ದಂಗೆ ಇದೀವಿ," ಎಂದರು. ಆಮೇಲೆ, ಪಕ್ಕದಲ್ಲೇ ಕೊತ್ತಂಬರಿ ಸೊಪ್ಪಿನ ಕಂತೆ ಕಟ್ಟುತ್ತಿದ್ದ ಸೊಸೆಗೆ ಕೇಳಿಸುವಂತೆಯೇ, "ಸಂಬಂಧ ಬಿಟ್ಟು ಹೊರಗ್ಲಿಂದ ತಂದ್ವಲ್ಲ, ಅದ್ಕೇ ಹಿಂಗಾಗಿರೋದು. ಈ ಸತಿನೂ ಹಂಗೇ ಆದ್ರೆ ನನ್ನ ತಮ್ಮನ ಮಗಳು ಅವ್ಳೆ. ಇವ್ಳು ತವರಿಗೆ ಹೋಗ್ಲಿ," ಎಂದು ಸೇರಿಸಿದರು.

ಮಂಜುಳಾ ಇನ್ನೊಂದು ಕಂತೆಗೆ ಕೈಹಾಕಿದಳು. ತನ್ನ ಸರದಿ ಬಂದಾಗ, ತನಗೊಬ್ಬ ಅಕ್ಕ ಇದ್ದಳು, ಐದನೆಯ ವರ್ಷದಲ್ಲಿ ತೀರಿಕೊಂಡಳು, ಕಾರಣ ಗೊತ್ತಿಲ್ಲ ಎಂದಳು. ಅಲ್ಲಿ ನಾನು ಮಾಡಿದ್ದನ್ನು ಇಂದಿಗೂ ಅರಗಿಸಿಕೊಳ್ಳಲಾರೆ. ಆ ವೃತ್ತದ ಮೇಲೆ ಓರೆಗೆರೆ ಎಳೆಯುತ್ತಾ, "ಹಾಗಾದರೆ ತಾಯಿಯ ಕಡೆಯಿಂದ ಬಂದಿರಬಹುದು," ಎಂದು ಸರೋಜಮ್ಮನಿಗೆ ಹೇಳಿಬಿಟ್ಟೆ. ಎಲ್ಲರಿಗೂ ಕೇಳಿಸಿತು. ನಿಜ ಹೇಳಿದ ಹೆಂಗಸಿನ ತಲೆಗೆ ವಿಜ್ಞಾನದ ಹೆಸರಿನಲ್ಲಿ ನಾನೇ ಆರೋಪ ಕಟ್ಟಿದ್ದೆ.

ಸರೋಜಮ್ಮನೂ ನಾನೂ ಹೆದ್ದಾರಿಗೆ ಬಂದೆವು. ಬಸ್ಸಿಗೆ ಕಾಯುವಾಗ ಆಕೆ ನನ್ನ ಹಾಳೆಯನ್ನು ಇಸಿದುಕೊಂಡು ನೋಡಿದರು.

"ಮೇಡಂ, ತಿಪ್ಪಮ್ಮ ಅಂತ ಸುಮ್‌ಸುಮ್ನೆ ಯಾರಾದ್ರೂ ಹೆಸರಿಕ್ತಾರಾ? ಹುಟ್ಟಿದ್ದು ನಿಲ್ದೆ ಹೋದ್ರೆ ತಾನೇ ಮುಂದ್ಲ ಕೂಸನ್ನ ತಿಪ್ಪೆ ಮೇಲೆ ಮಡಗಿ, ಮೊರದಾಗೆ ಎತ್ಕೊಂಬರೋದು? ತಮಿಳೋರು ಕುಪ್ಪಮ್ಮ ಅಂತಾರೆ, ತೆಲುಗೋರು ಪೆಂಟಮ್ಮ ಅಂತಾರೆ. ನಮ್ ಕಡೆ ಕುರಿ ಕಾಯೋರ್ಗೂ ಗೊತ್ತು ಇದು. ನೀವು ಅಷ್ಟೆಲ್ಲ ಓದಿದ್ದೀರಿ."

ನನಗೂ ಗೊತ್ತಿತ್ತು. ಮೂಢನಂಬಿಕೆಯನ್ನು ಬೇರುಸಹಿತ ಕೀಳಬೇಕೆಂದು ಕಲಿಸಿದ ಶಾಲೆಯಲ್ಲಿ ಓದಿದವಳು ನಾನು. ಎಳೆಗೂಸನ್ನು ಕಸದ ಮೇಲೆ ಮಲಗಿಸುವ ಈ ಪದ್ಧತಿಯನ್ನು ಖಂಡಿಸಿ ಭಾಷಣವನ್ನೂ ಮಾಡಿದ್ದೆ. ಖಂಡಿಸಿದ ಮೇಲೆ ಅದರೊಳಗೆ ಏನಿದೆ ಎಂದು ನೋಡುವ ಅಗತ್ಯ ನನಗೆ ಕಂಡಿರಲಿಲ್ಲ. ಯಾವ ಸರ್ಕಾರಿ ದಫ್ತರದಲ್ಲೂ ದಾಖಲಾಗದ ಸಾವುಗಳನ್ನು ಆ ಹಳ್ಳಿಗಳು ಬದುಕುಳಿದವರ ಹೆಸರಿನಲ್ಲಿ ಕಾಪಿಟ್ಟಿದ್ದವು. ಅದನ್ನು ಓದದೆ ನಾನು ಚೌಕ, ವೃತ್ತ ಬರೆದುಕೊಂಡು ಬಂದಿದ್ದೆ.

ಆ ವಾರ ಪ್ರಯೋಗಾಲಯದಲ್ಲಿ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಐದು ತಿಂಗಳು ತುಂಬುತ್ತಾ ಬಂದಿತ್ತು. ಮುನಿರಾಜುವಿಗೆ ರಜೆಯಿದ್ದ ಭಾನುವಾರ, ತಿಪ್ಪಮ್ಮ, ಮಗ ಇಬ್ಬರ ಹೃದಯದ ಬಡಿತವನ್ನೂ ನೋಡಲು ಕೈಯಲ್ಲಿ ಒಯ್ಯಬಹುದಾದ ಇಸಿಜಿ ಯಂತ್ರ ತೆಗೆದುಕೊಂಡು ಮತ್ತೆ ಹೊರಟೆ. ಈ ಸಲ ಅಂಗಳದಲ್ಲಿ ಕೂರಲಿಲ್ಲ. ಒಳಗಿನ ಕೋಣೆಯಲ್ಲಿ ಮಾತನಾಡೋಣ ಎಂದು ತಿಪ್ಪಮ್ಮನನ್ನು ಕೇಳಿಕೊಂಡೆ. ಪ್ರಶ್ನೆ ಕೇಳಿದವರು ಜೊತೆಗೆ ಬಂದಿದ್ದ ಸರೋಜಮ್ಮ.

"ತಿಪ್ಪಕ್ಕ, ನಿನ್ಗಿಂತ ಮುಂಚೆ ಎಷ್ಟು ಹೋದ್ವು?"

"ಮೂರು. ಹೆಸರಿಕ್ಕೋಕೆ ಮುಂಚೇನೇ ಹೋದ್ವಂತೆ. ಮುನಿರಾಜು ಆದ್ಮೇಲೆ ನನ್ಗೂ ಒಂದು ಹೋಯ್ತು. ಅವನ್ನೆಲ್ಲ ಯಾರು ಲೆಕ್ಕ ಇಕ್ತಾರೆ?" ಎಂದರು.

ಆಕೆಯ ಮಣಿಕಟ್ಟು ಹಿಡಿದು ನೋಡಿದೆ. ನಿಮಿಷಕ್ಕೆ ನಲವತ್ತೆರಡು. ಇಸಿಜಿ ಕಾಗದ ಹೊರಬಂತು. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಸಂಕೇತ ತಲುಪಿದ ಮೇಲೆ ಬಡಿತ. ಆಕೆಯಲ್ಲಿ ಎಷ್ಟೋ ಸಂಕೇತಗಳು ದಾರಿಯಲ್ಲೇ ನಿಂತುಹೋಗುತ್ತಿದ್ದವು. ಮಗನ ಕಾಗದದಲ್ಲಿ ಒಂದೂ ತಪ್ಪಿರಲಿಲ್ಲ, ಆದರೆ ಪ್ರತಿಯೊಂದೂ ತಡವಾಗಿ ತಲುಪುತ್ತಿತ್ತು. ನಾನು ವೈದ್ಯೆಯಲ್ಲ, ಎರಡನ್ನೂ ಬೆಂಗಳೂರಿನ ಹೃದ್ರೋಗ ತಜ್ಞರಿಗೆ ತೋರಿಸಿ ಮರುದಿನವೇ ಖಚಿತಪಡಿಸಿಕೊಂಡೆ. ಗೋಡೆ ಕಟ್ಟುವ ಸೂಚನೆಯನ್ನೂ ಬಡಿತದ ದಾರಿಯನ್ನೂ ಒಂದೇ ಜೀನ್ ನಿಯಂತ್ರಿಸುವ ಕುಟುಂಬಗಳಿವೆ. ಒಬ್ಬರಲ್ಲಿ ಅದು ಪ್ರಾಣ ತೆಗೆಯುತ್ತದೆ, ಇನ್ನೊಬ್ಬರಲ್ಲಿ ಬರೀ ನಾಡಿಯನ್ನು ನಿಧಾನಗೊಳಿಸುತ್ತದೆ. ಅದು ಮುಂದುವರಿಯಲು ರಕ್ತಸಂಬಂಧ ಬೇಕಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೆ ಸಾಕು. ಮಂಜುಳಾಗೆ ಹೊರಿಸಿದ ಆರೋಪವೂ ತಪ್ಪು, ನಮ್ಮ ಯೋಜನೆಯ ತೀರ್ಮಾನವೂ ಈ ಮನೆಯ ಮಟ್ಟಿಗೆ ತಪ್ಪು.

ಮಂಗಳವಾರ ಮತ್ತೆ ಅದೇ ಕೋಣೆ. ಹೇಳಿದರೆ ನಿಯಮ ಮುರಿದಂತೆ, ಹೇಳದಿದ್ದರೆ ಮಗು ಉಳಿಯುವುದು ಅನುಮಾನ. ಇನ್ನೊಂದು ಭಯವೂ ಇತ್ತು. ಈ ಆರೋಪ ಒಬ್ಬ ಹೆಂಗಸಿನ ಹೆಗಲಿನಿಂದ ಇಳಿದು ಇನ್ನೊಬ್ಬ ಹೆಂಗಸಿನ ಹೆಗಲೇರಿದರೆ ನಾನು ಸಾಧಿಸಿದ್ದೇನು? ಕೋಳಿಮೊಟ್ಟೆಯ ಕಥೆಯಿಂದ ಆರಂಭಿಸಿದೆ. ಗೋಡೆ ಕೂಡುವುದೋ ಬಿಡುವುದೋ ಎರಡನೆಯ ತಿಂಗಳಲ್ಲೇ ತೀರ್ಮಾನವಾಗುತ್ತದೆ. ಮಂಜುಳಾ ಏನು ತಿಂದಳು, ಯಾವ ಗ್ರಹಣದಲ್ಲಿ ಹೊರಗೆ ಬಂದಳು ಎಂಬುದಕ್ಕೂ ಅದಕ್ಕೂ ನಂಟಿಲ್ಲ ಎಂದೆ. ಎರಡು ಕಾಗದಗಳನ್ನೂ ಮುಂದಿಟ್ಟು ಅವು ಹೇಳುವುದನ್ನು ವಿವರಿಸಿದೆ.

ತಿಪ್ಪಮ್ಮ ಮಗನ ಕಾಗದವನ್ನು ಕೈಗೆತ್ತಿಕೊಂಡರು. "ಅಂದ್ರೆ ನನ್ನಿಂದ್ಲೇ ಬಂದಿರೋದು."

"ನಿಮಗೂ ಯಾರಿಂದಲೋ ಬಂದಿದೆ ಅಮ್ಮ. ಯಾರೂ ಕೇಳಿ ಪಡೆದದ್ದಲ್ಲ."

"ನನ್ನ ತಮ್ಮಂಗೂ ಇರ್ತದಾ?"

"ಪರೀಕ್ಷೆ ಮಾಡದೆ ಹೇಳಲಾಗುವುದಿಲ್ಲ. ಇರಬಹುದು."

ಆಕೆ ಎದ್ದು ಹೊರಗೆ ಹೋದರು. ಅಂಗಳದಲ್ಲಿ ಇಬ್ಬರು ನೆರೆಯವರಿದ್ದರು. ಅವರ ಮುಂದೆಯೇ ಸೊಸೆಗೆ ಹೇಳಿದರು: "ಮಂಜೂ, ಕಂತೆ ಬಿಡು. ನಾಳೆ ಬೆಂಗಳೂರಿಗೆ ಹೋಗಿ ಆ ಎಕೋನೋ ಗಿಕೋನೋ ಮಾಡಿಸ್ಕೊಂಬರಾನ. ನಾನೂ ಬತ್ತೀನಿ. ಕೆಟ್ಟಿರೋದು ನನ್ನ ಎದೆ, ನಿಂದಲ್ಲ."

ನೆರೆಯವರೊಬ್ಬರು ಏನೋ ಕೇಳಲು ಬಾಯಿ ತೆರೆದರು. ತಿಪ್ಪಮ್ಮ ಅವರ ಕಡೆ ತಿರುಗಿ, "ನಿನ್ನ ಮನೆ ಸೊಪ್ಪು ಬಾಡ್ತಾ ಅದೆ, ಹೋಗಿ ನೋಡ್ಕೊ," ಎಂದರು.

ಭ್ರೂಣದ ಹೃದಯದಲ್ಲಿ ರಂಧ್ರವಿತ್ತು. ಹೆರಿಗೆ ಬೆಂಗಳೂರಿನಲ್ಲೇ ಆಯಿತು, ಹೆಣ್ಣು ಮಗು. ಮಗುವಿಗೆ ಏಳು ತಿಂಗಳಾದಾಗ ಶಸ್ತ್ರಚಿಕಿತ್ಸೆ ನಡೆಯಿತು, ಜೀವ ಉಳಿಯಿತು. ಮಂಜುಳಾ ಆ ಮನೆಯಲ್ಲೇ ಉಳಿದಳು. ತಿಪ್ಪಮ್ಮನಿಗೆ ಪೇಸ್‌ಮೇಕರ್ ಅಳವಡಿಸಿದರು. ಜೀನ್ ಪರೀಕ್ಷೆಯ ವರದಿ ನಮ್ಮ ಊಹೆಯನ್ನು ದೃಢಪಡಿಸಿದ್ದು ಇದೆಲ್ಲ ಮುಗಿದ ಎಷ್ಟೋ ತಿಂಗಳ ಮೇಲೆ. ಫಲಿತಾಂಶ ಬಹಿರಂಗಪಡಿಸಿದ್ದಕ್ಕೆ ಸಂಸ್ಥೆ ನನಗೆ ನೋಟಿಸು ಕೊಟ್ಟಿತು. ಉತ್ತರದಲ್ಲಿ ನಿಯಮ ಮುರಿದದ್ದನ್ನು ಒಪ್ಪಿಕೊಂಡು, ನಿಯಮವೇ ಅನ್ಯಾಯದ್ದೆಂದು ಬರೆದೆ. ಒಂದು ವರ್ಷದ ಜಗಳದ ನಂತರ ಸಮ್ಮತಿಪತ್ರ ಮೂರು ಭಾಷೆಗಳಲ್ಲಿ ಬಂತು. ಬೇಕೆಂದವರಿಗೆ ಫಲಿತಾಂಶ ತಿಳಿಸಬೇಕೆಂಬ ಸಾಲೂ ಸೇರಿತು.

ತಿಪ್ಪಮ್ಮನ ತಮ್ಮ ಮಾತ್ರ ಪರೀಕ್ಷೆಗೆ ಒಪ್ಪಲಿಲ್ಲ. ಅಕ್ಕ ಹೋಗಿ ಬೇಡಿದರು, ಸರೋಜಮ್ಮ ಮೂರು ಸಲ ಹೋದರು, ನಾನು ಎರಡು ಸಲ ಹೋದೆ. ನನ್ನ ಮಗಳ ಮೇಲೆ ಕೆಟ್ಟ ಹೆಸರು ಬಂದರೆ ಯಾರು ಕಟ್ಟಿಕೊಳ್ಳುತ್ತಾರೆ ಎಂದು ಆತ ಕೇಳಿದ. ಹೆಣ್ಣಿನ ಮೇಲೆ ಬರುವ ಹೆಸರಿಗೆ ಹೆದರುವಂತೆ ಮಾಡಿದ್ದು ಆತನೊಬ್ಬನಲ್ಲ, ಇಡೀ ಸಮಾಜ. ಹಾಗೆಂದು ಆತನ ನಿರಾಕರಣೆ ಸರಿಯಾಗುವುದಿಲ್ಲ. ಮುಂದಿನ ವರ್ಷ ಆ ಹುಡುಗಿಯನ್ನು ಜವಳಗಿರಿ ಕಡೆಗೆ ಮದುವೆ ಮಾಡಿಕೊಟ್ಟರು. ತಂದೆಯ ಒಪ್ಪಿಗೆಯಿಲ್ಲದೆ ಆಕೆಗೆ ಹೇಳುವ ಅಧಿಕಾರ ನನಗಿಲ್ಲವೆಂದು ಸಂಸ್ಥೆಯ ನೈತಿಕತಾ ಸಮಿತಿ ತಿಳಿಸಿತು. ನಿಯಮವನ್ನು ಒಮ್ಮೆ ಮುರಿದವಳು ಇನ್ನೊಮ್ಮೆ ಮುರಿಯಬಹುದಿತ್ತು. ಮುರಿಯಲಿಲ್ಲ.

ಅವಳಿಗೆ ಮಕ್ಕಳಾದವೋ, ಉಳಿದವೋ, ಅವಳನ್ನು ಯಾರಾದರೂ ದೂರಿದರೋ, ನನಗೆ ತಿಳಿಯದು. ಸಂಶೋಧಕರು ತಾವು ಬರೆದದ್ದಕ್ಕೆ ಮಾತ್ರ ಹೊಣೆಗಾರರೆಂದು ನಾನು ನಂಬಿದ್ದೆ. ತಿಳಿದೂ ಹೇಳದೆ ಉಳಿದದ್ದಕ್ಕೂ ನಾವು ಹೊಣೆ ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಆ ಪಾಠ ನನ್ನನ್ನು ಇನ್ನೂ ಸುಮ್ಮನೆ ಕೂರಲು ಬಿಟ್ಟಿಲ್ಲ.