ಅಮ್ಮನ ಹಲ್ಲಿನ ಅಚ್ಚು

ನನ್ನ ಹೆಂಡತಿ ಕಟ್ಟುಹಲ್ಲು ಮಾಡುತ್ತಾಳೆ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಅವಳ ವರ್ಕ್‌ಶಾಪಿಗೆ ಕಳಿಸುತ್ತಾರೆ. ಬೀದಿಯವರ ಬಾಯಲ್ಲಿ ಅವಳು ಹಲ್ಲಕ್ಕ. ಅಚ್ಚು ತಡವಾಗಿ ತರುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಅಚ್ಚೆಂದರೆ ಪುಡಿಗೆ ನೀರು ಹಾಕಿ ಕಲಸಿದ ಲೋಳೆ, ಬಾಯೊಳಗೆ ರಬ್ಬರಿನ ಹಾಗೆ ಗಟ್ಟಿಯಾಗುತ್ತದೆ. ಹೊರಗೆ ಬಂದ ಕ್ಷಣದಿಂದಲೇ ಅದಕ್ಕೆ ವಯಸ್ಸಾಗತೊಡಗುತ್ತದೆ. ಗಾಳಿಗಿಟ್ಟರೆ ನೀರು ಬಿಟ್ಟು ಕುಗ್ಗುತ್ತದೆ, ನೀರಿಗಿಟ್ಟರೆ ಕುಡಿದು ಊದಿಕೊಳ್ಳುತ್ತದೆ. ಕೂಡಲೇ ಪ್ಲಾಸ್ಟರ್ ಸುರಿದರೆ ಮಾತ್ರ ಬಾಯಿಯ ಆಕಾರ ಹಾಗೇ ಉಳಿಯುತ್ತದೆ.

ನಮ್ಮಮ್ಮನ ಹಲ್ಲೆಲ್ಲ ಹೋದಾಗ ಮನೆ ಬಿಕೋ ಎಂದಿತು. ಅವಳು ಅಂಥಿಂಥ ಮಾತುಗಾತಿಯಲ್ಲ. ನಾವು ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದೆವು. ಈಗ ಬಾಯಿಗೆ ಕೈ ಅಡ್ಡ ಹಿಡಿದು ಮೂಲೆ ಸೇರಿದಳು. ಬೀದಿಗಿಳಿಯಲು ಸುತರಾಂ ಒಪ್ಪಲಿಲ್ಲ. ಹಾಗಾಗಿ ಹೆಂಡತಿ ಅಚ್ಚನ್ನು ಮನೆಯಲ್ಲೇ ತೆಗೆದಳು. ಪ್ಲಾಸ್ಟರ್ ಮಾತ್ರ ಮನೆಗೆ ಬರುವಂತಿರಲಿಲ್ಲ. "ಆ ಬಿಳಿ ಹಿಟ್ಟು ನನ್ನ ಅಡುಗೆಮನೆ ಹೊಸಿಲು ದಾಟಬಾರ್ದು" ಎಂದು ನಮ್ಮ ಮದುವೆಯ ಹೊಸದರಲ್ಲೇ ಅಮ್ಮ ಕಡ್ಡಿ ಮುರಿದಂತೆ ಹೇಳಿದ್ದಳು.

ಮೊದಲ ಅಚ್ಚನ್ನು ಹೆಂಡತಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ವರ್ಕ್‌ಶಾಪಿಗೆ ಒಯ್ದಳು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು, ಬಟ್ಟೆ ಒಣಗಿತು. ಆ ಅಚ್ಚಿನಿಂದ ಮಾಡಿದ ಹಲ್ಲು ವಸಡನ್ನು ಗೀರಿತು. ಮುಂದಿನ ಸಲ ಜೋಪಾನ ಅತಿಯಾಯಿತು: ಅಚ್ಚನ್ನು ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ ಒಯ್ದಳು. ಹಾಗೆ ಮಾಡಬೇಡಿ ಎಂದು ಊರಿಗೆಲ್ಲ ಬೈಯುವವಳು ಅತ್ತೆಯ ಹಲ್ಲು ಎಂದೊಡನೆ ಅದನ್ನೇ ಮಾಡಿದಳು. ಆ ಸೆಟ್ಟು ಊಟದ ನಡುವೆ ತಟ್ಟೆಗೆ ಬಿತ್ತು.

"ಊರೋರಿಗೆಲ್ಲ ಸರಿಯಾಗೇ ಮಾಡ್ತಾಳೆ. ನಾನು ಬಾಯಿ ಬಿಡೋದು ಇವಳಿಗೆ ಬೇಡ, ಅಷ್ಟೆ" ಎಂದು ಅಮ್ಮ ನನಗೆ ಹೇಳಿದಳು, ಸೊಸೆಗೆ ಕೇಳುವ ಹಾಗೆ. ಹೆಂಡತಿ ಎದ್ದು ಹಿತ್ತಲಿಗೆ ಹೋಗಿ ಅತ್ತಳು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಬಾಯಿ ಬಿಡುವ ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಅಮ್ಮನ ಎದುರಿಗೇ ಒಂದಿಷ್ಟು ಲೋಳೆ ಕಲಸಿ, ಗಟ್ಟಿಯಾದ ಮೇಲೆ ಎರಡು ಹೋಳು ಮಾಡಿದಳು. ಒಂದನ್ನು ತಟ್ಟೆಯಲ್ಲಿಟ್ಟಳು, ಇನ್ನೊಂದನ್ನು ಲೋಟದ ನೀರಿಗೆ ಹಾಕಿದಳು.

"ತಪ್ಪು ನಂದೇ ಅತ್ತೆ. ಸಂಜೆವರೆಗೂ ಇದನ್ನ ನೋಡ್ತಿರಿ" ಎಂದು ಕೆಲಸಕ್ಕೆ ಹೋದಳು.

ಸಂಜೆ ಅವಳು ಬಂದಾಗ ಅಮ್ಮ ಎರಡು ಹೋಳನ್ನೂ ಕೈಯಲ್ಲಿ ಹಿಡಿದು ಜೋಡಿಸಲು ಹೆಣಗುತ್ತಿದ್ದಳು. ಒಂದು ಸುಕ್ಕುಗಟ್ಟಿತ್ತು, ಇನ್ನೊಂದು ಉಬ್ಬಿತ್ತು.

"ಬೆಳಿಗ್ಗೆ ಒಂದೇ ಆಗಿತ್ತಲ್ವೇನೇ ಇದು?"

"ಹೂಂ ಅತ್ತೆ."

"ಆಗ್ಲೇ ಹಿಟ್ಟು ಸುರಿದಿದ್ರೆ?"

"ಅಚ್ಚು ಕೆಡೋಕೆ ಮುಂಚೆ ಸುರಿದಿದ್ರೆ, ನಿಮ್ಮ ಬಾಯಿ ಹೆಂಗಿದೆಯೋ ಹಂಗೇ ಬರ್ತಿತ್ತು."

ಅಮ್ಮ ಎದ್ದುಹೋಗಿ ಅಡುಗೆ ಕಟ್ಟೆಯ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿದಳು.

"ನಾಳೆ ಹಿಟ್ಟು ತಗೊಂಡು ಬಾ. ಇಲ್ಲೇ ಕಲಸು."

ಅಡುಗೆ ಕಟ್ಟೆಯ ಮೇಲೇ ಪ್ಲಾಸ್ಟರ್ ಸುರಿದು ಮಾಡಿದ ಹೊಸ ಸೆಟ್ಟು ಅಮ್ಮನ ಬಾಯಲ್ಲಿ ಗಟ್ಟಿಯಾಗಿ ಕೂತಿತು. ವಸಡೂ ವರ್ಷ ಕಳೆದ ಹಾಗೆ ಕರಗುತ್ತದೆ, ಮುಂದೆ ಮತ್ತೆ ಮಾಡಬೇಕಾಗುತ್ತದೆ ಎಂದು ಹೆಂಡತಿ ವಿವರಿಸುತ್ತಿದ್ದಳು. ಅಮ್ಮನ ಕಣ್ಣು ಅಡುಗೆ ಕಟ್ಟೆಯ ಮೇಲಿತ್ತು.

"ಇದನ್ನ ಒರೆಸೋರು ಯಾರು? ಒಲೆ ಸಂದಿಲೆಲ್ಲ ಬಿಳಿ ಹಿಟ್ಟು. ಇದೇನು ಮನೆಯೋ, ಸುಣ್ಣದ ಗೂಡೋ?" ಎಂದು ಶುರುವಾದ ರೇಡಿಯೋ ಪಕ್ಕದ ಮನೆಗೂ ಕೇಳಿಸಿತು.

ಹೆಂಡತಿಯ ಕಣ್ಣಲ್ಲಿ ನೀರು. ಒರೆಸುವ ಬಟ್ಟೆ ಕೈಯಲ್ಲೇ ಇತ್ತು, ಆದರೂ ಕಟ್ಟೆ ಒರೆಸಲಿಲ್ಲ. ಇನ್ನಷ್ಟು ಬೈಯಲಿ ಎಂದು ಸುಮ್ಮನೆ ನಿಂತಳು.